ಮುಕ್ತಛಂದಕ್ಕೂ ಕಿವಿ ಬೇಕು

ಕವಿತೆ ಬರೆಯುವುದನ್ನು ಕಲಿಸಬಹುದಾ? ಕಾವ್ಯ ಕಮ್ಮಟ ಎಲ್ಲೇ ನಡೆಯಲಿ, ಈ ಪ್ರಶ್ನೆ ಮೊದಲ ದಿನವೇ ಏಳುತ್ತದೆ. ಕೇಳುವವರ ಕೈಯಲ್ಲಿ ಒಂದು ಆಧಾರವೂ ಇರುತ್ತದೆ. ಕನ್ನಡ ನಾಡಿನ ಜನ ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಅಂತ ಕವಿರಾಜಮಾರ್ಗವೇ ಹೇಳಿದೆಯಲ್ಲ, ಕೂತು ಓದದೆಯೂ ಕಾವ್ಯ ಬಲ್ಲವರಿಗೆ ಪಾಠ ಯಾಕೆ ಅಂತ.

ಆ ಪದ್ಯ ಇರುವುದು ಯಾವ ಥರದ ಪುಸ್ತಕದಲ್ಲಿ ಎಂದು ಸ್ವಲ್ಪ ಯೋಚಿಸಿ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟರ ನೃಪತುಂಗನ ಕಾಲದಲ್ಲಿ ಶ್ರೀವಿಜಯ ಬರೆದದ್ದು. ನಮ್ಮ ಕೈಗೆ ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಅದರಲ್ಲಿ ಕಥೆ ಇಲ್ಲ, ಪುರಾಣ ಇಲ್ಲ. ಪದ್ಯ ಕಟ್ಟುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕ ಅದು. ಮೊದಲ ಪರಿಚ್ಛೇದದ ತುಂಬ ದೋಷಗಳದ್ದೇ ಮಾತು. ದೋಷವಿರುವ ಪದ್ಯ ಕೊಡುತ್ತಾನೆ, ಅದನ್ನೇ ತಿದ್ದಿಯೂ ತೋರಿಸುತ್ತಾನೆ. ಜನರ ಸಹಜ ಜಾಣತನವನ್ನು ಮನಸಾರೆ ಹೊಗಳಿದ ಮನುಷ್ಯನೇ ತಿದ್ದುವ ಕೆಲಸಕ್ಕೆ ಅಷ್ಟು ಜಾಗ ಕೊಟ್ಟಿದ್ದಾನೆ. ಅವನಿಗೆ ಎರಡೂ ಬೇಕಿತ್ತು.

ಸಂಸ್ಕೃತದಲ್ಲಿ ಕಾವ್ಯಶಾಸ್ತ್ರ ಬರೆದ ಕಾಶ್ಮೀರದ ಮಮ್ಮಟ ಇದನ್ನೇ ಇನ್ನೂ ಬಿಗಿಯಾಗಿ ಹೇಳಿದ. ಕಾವ್ಯ ಹುಟ್ಟುವುದಕ್ಕೆ ಶಕ್ತಿ ಬೇಕು, ಲೋಕವನ್ನೂ ಕಾವ್ಯವನ್ನೂ ನೋಡಿ ಬಂದ ನಿಪುಣತೆ ಬೇಕು, ಬಲ್ಲವರ ಹತ್ತಿರ ಮಾಡಿದ ಅಭ್ಯಾಸ ಬೇಕು. ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಸೇರಿ ಒಂದೇ ಕಾರಣ ಅಂತ ಒತ್ತಿ ಹೇಳಿದ. ಶಕ್ತಿ ಇದೆ, ಅಭ್ಯಾಸ ಇಲ್ಲದಿದ್ದರೂ ನಡೆಯುತ್ತದೆ ಅನ್ನುವ ಹಾಗಿಲ್ಲ. ಅದೇ ಕಾಶ್ಮೀರದ ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ಹೊಸ ಕವಿಗಳಿಗೆ ಒಂದು ವಿಚಿತ್ರ ಅಭ್ಯಾಸ ಹೇಳಿಕೊಡುತ್ತಾನೆ. ಅರ್ಥವೇ ಇಲ್ಲದ ಮಾತುಗಳನ್ನು ಜೋಡಿಸಿ ಪದ್ಯ ಕಟ್ಟಿ, ಛಂದಸ್ಸು ಮಾತ್ರ ಸರಿ ಇರಲಿ ಎನ್ನುತ್ತಾನೆ. ಮೊದಲು ಕಿವಿ ಹದಕ್ಕೆ ಬರಲಿ, ಅರ್ಥ ಆಮೇಲೆ ಎಂಬ ಲೆಕ್ಕ. ಸಂಗೀತ ಕಲಿಯುವವರು ವರ್ಷಗಟ್ಟಲೆ ಸರಳೆ ವರಸೆ, ಜಂಟಿ ವರಸೆ ಹಾಡುತ್ತಾರೆ. ಅದರಿಂದ ಅವರ ಪ್ರತಿಭೆ ಕೆಡುತ್ತದೆ ಅಂತ ಯಾರೂ ಹೇಳುವುದಿಲ್ಲ. ಕವಿತೆಯ ವಿಷಯಕ್ಕೆ ಬಂದಾಗ ಮಾತ್ರ ಈ ಅನುಮಾನ ಯಾಕೋ ಗೊತ್ತಿಲ್ಲ.

ನೀವು ಇಲ್ಲಿ ಕೂತಿರುವವರು ಬಹಳ ಮಟ್ಟಿಗೆ ಮುಕ್ತಛಂದದಲ್ಲಿ, ಅಂದರೆ ಗಣ, ಪ್ರಾಸಗಳ ಕಟ್ಟಿಲ್ಲದೆ ಬರೆಯುತ್ತೀರಿ. ನಿಮ್ಮ ಕವಿತೆಗಳನ್ನು ಓದಿಕೊಂಡೇ ಬಂದಿದ್ದೇನೆ. ಅನುಭವ ಇದೆ, ಸಿಟ್ಟು ಇದೆ, ಹೇಳಬೇಕಾದ ವಿಷಯಗಳು ಇವೆ. ಕಿವಿ ಇನ್ನೂ ತಯಾರಾಗಿಲ್ಲ. ಹಾಗಾಗಿ ಇವತ್ತಿನ ಮಾತಿನ ಬಹುಪಾಲನ್ನು ಕಿವಿಗೆ ಇಟ್ಟುಕೊಂಡಿದ್ದೇನೆ.

ಹೈಸ್ಕೂಲಿನಲ್ಲಿ ಒಂದು ಪ್ರಶ್ನೆ ಇರುತ್ತಿತ್ತಲ್ಲ, ‘ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ’. ಅಂಕಕ್ಕಾಗಿ ಮಾಡಿದೆವು, ಪರೀಕ್ಷೆ ಮುಗಿದ ಮೇಲೆ ಬಿಟ್ಟೆವು. ಆ ಲೆಕ್ಕದಲ್ಲಿ ಏನು ಸಿಗುತ್ತದೆ ಅಂತ ಇವತ್ತು ಮತ್ತೆ ನೋಡೋಣ. ಗಿಡ್ಡ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ಉದ್ದ ಅಕ್ಷರ, ಸೊನ್ನೆ ಇರುವುದು, ಒತ್ತಕ್ಷರದ ಹಿಂದಿನದು ಗುರು, ಅದಕ್ಕೆ ಎರಡು. ಮಾತ್ರೆಗಳ ಗುಂಪು ಗಣ. ಕುಮಾರವ್ಯಾಸ ಭಾರತದ ಮೊದಲ ಪದ್ಯ ತೆಗೆದುಕೊಳ್ಳಿ. ‘ಶ್ರೀವನಿತೆಯರಸನೆ ವಿಮಲ ರಾ’. ಶ್ರೀವ, ನಿತೆಯರ, ಸನೆವಿ, ಮಲರಾ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಇದು ಭಾಮಿನಿ ಷಟ್ಪದಿಯ ನಡಿಗೆ. ಈಗ ಗೋಪಾಲಕೃಷ್ಣ ಅಡಿಗರ ಪದ್ಯ, ಹಾಡಾಗಿ ನೀವೆಲ್ಲ ಕೇಳಿರುವುದು. ‘ಯಾವ ಮೋಹನ ಮುರಳಿ ಕರೆಯಿತೊ’. ಯಾವ ಮೂರು, ಮೋಹನ ನಾಲ್ಕು, ಮುರಳಿ ಮೂರು, ಕರೆಯಿತೊ ನಾಲ್ಕು. ಅದೇ ನಡಿಗೆ! ನವ್ಯದ ದೊಡ್ಡ ಕವಿ, ಹಳೆಯ ಲಯವನ್ನು ಮುರಿದವರು ಅಂತ ನಾವು ಪಾಠ ಮಾಡುವ ಅಡಿಗರು, ಕುಮಾರವ್ಯಾಸನ, ಅಂದರೆ ಗದುಗಿನ ನಾರಣಪ್ಪನ, ನಡಿಗೆಯಲ್ಲೇ ನಡೆದು ಬಂದವರು.

ನಾನು ಒಂದು ಅರ್ಧ ಷಟ್ಪದಿ ಕಟ್ಟಿ ತಂದಿದ್ದೇನೆ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ಪ್ರಾಸ, ಬಿಟ್ಟಿದ್ದೇನೆ, ಮಾತ್ರೆ ಮಾತ್ರ ಸರಿಯಾಗಿದೆ.

ಬಸ್ಸು ಬಂದಿತು ಮಳೆಯ ನಡುವೆಯೆ
ಕೊಡೆಯ ಮಡಚುತ ಹತ್ತಿ ನಿಂತೆನು
ಸೀಟು ಸಿಗದೆಯೆ ಕಂಬಿ ಹಿಡಿದೆನು ನೆನೆದ ಅಂಗಿಯಲೇ

ಇದು ಕವಿತೆ ಅಲ್ಲ, ಅಭ್ಯಾಸ. ಆದರೆ ಅಡಿಗರ ಹಾಡಿನ ಧಾಟಿಯಲ್ಲೇ ಮೊದಲ ಸಾಲನ್ನು ಹಾಡಿ ನೋಡಿ, ಸಲೀಸಾಗಿ ಕೂರುತ್ತದೆ. ಇಂಥದ್ದನ್ನು ದಿನಕ್ಕೊಂದು ಕಟ್ಟಿ. ಬಸ್ಸು, ರೇಷನ್ ಅಂಗಡಿ, ನಿಮ್ಮ ಆಫೀಸಿನ ಕ್ಯಾಂಟೀನು, ಯಾವುದಾದರೂ ಆಗಲಿ. ಬೆರಳು ಮಡಚಿ ಎಣಿಸುವುದು ಮೊದಮೊದಲು ಮಾತ್ರ. ಸ್ವಲ್ಪ ದಿನದಲ್ಲಿ ಕಿವಿಯೇ ಹೇಳುತ್ತದೆ, ಇಲ್ಲಿ ಒಂದು ಮಾತ್ರೆ ಜಾಸ್ತಿ ಆಯಿತು ಅಂತ. ಅದಕ್ಕಾಗಿಯೇ ಈ ಅಭ್ಯಾಸ.

ಐದು ಮಾತ್ರೆಯ ನಡಿಗೆ ಬೇಕಾದರೆ ಡಿ.ವಿ.ಜಿ.ಯವರ ಕಗ್ಗ ಇದೆ. ‘ಹುಲ್ಲಾಗು ಬೆಟ್ಟದಡಿ ಮನೆಗೆ ಮಲ್ಲಿಗೆಯಾಗು’. ಐದರ ನಾಲ್ಕು ಗಣ. ನಾಲ್ಕು ಮಾತ್ರೆಯದು ಬೇಕಾದರೆ ‘ರಾಯರು ಬಂದರು ಮಾವನ ಮನೆಗೆ’. ರಾಯರು, ಬಂದರು, ಮಾವನ, ಇವು ನಾಲ್ಕು ನಾಲ್ಕು. ಕೊನೆಯ ‘ಮನೆಗೆ’ ಮೂರೇ ಮಾತ್ರೆ. ಅಲ್ಲಿ ಉಳಿದ ಒಂದು ಮಾತ್ರೆಯಷ್ಟು ನಾವು ತಾನಾಗಿ ನಿಲ್ಲುತ್ತೇವೆ. ಕೆ.ಎಸ್. ನರಸಿಂಹಸ್ವಾಮಿಯವರ ಸಾಲು ಸಲೀಸಾಗಿ ಬಾಯಿಗೆ ಬರುವುದರಲ್ಲಿ ಈ ಸಣ್ಣ ನಿಲುಗಡೆಯ ಪಾಲೂ ಇದೆ.

ಇಲ್ಲಿ ಒಂದು ಅಡ್ಡಮಾತು. ಕ್ಯಾಸೆಟ್ಟುಗಳ ಕಾಲದಿಂದ ಈಚೆಗೆ ನಮಗೆ ಬಹಳ ಕವಿತೆಗಳು ಹಾಡಾಗಿ ಗೊತ್ತು. 1978ರ ‘ನಿತ್ಯೋತ್ಸವ’ದ ನಂತರ ಭಾವಗೀತೆಗಳು ಮನೆಮನೆಗೆ ಹೋದವು, ಅದು ಕನ್ನಡಕ್ಕೆ ಆದ ಉಪಕಾರ. ಆದರೆ ಕವಿತೆ ಕಲಿಯುವವರಿಗೆ ರಾಗ ಒಂದು ಪರದೆ. ರಾಗ ಸಾಲನ್ನು ಎಳೆಯುತ್ತದೆ, ಪಲ್ಲವಿಯನ್ನು ಮತ್ತೆ ಮತ್ತೆ ತರುತ್ತದೆ, ಲಘುವನ್ನು ಗುರುವಿನ ಹಾಗೆ ಕೇಳಿಸುತ್ತದೆ. ನಿಮಗೆ ಹಾಡಾಗಿ ಗೊತ್ತಿರುವ ಒಂದು ಕವಿತೆಯನ್ನು ರಾಗ ಬಿಟ್ಟು, ಮಾತಿನ ಹಾಗೆ ಓದಲು ಪ್ರಯತ್ನಿಸಿ. ತುಂಬ ಕಷ್ಟ. ಮಾಡಿದರೆ, ಆ ಕವಿತೆ ಮೊದಲ ಸಲ ಸಿಕ್ಕ ಹಾಗೆ ಆಗುತ್ತದೆ.

ಮತ್ತೆ ವಿಷಯಕ್ಕೆ ಬರೋಣ. ನಾವು ಬರೆಯುವುದು ಮುಕ್ತಛಂದ, ನಮಗೆ ಮಾತ್ರೆ ಯಾಕೆ ಅಂತ ಕೇಳುತ್ತೀರಿ. ಆಗ ಬಸವಣ್ಣನವರ ಮಾತೂ ಬರುತ್ತದೆ. ‘ತಾಳಮಾನ ಸರಿಸಮವನರಿಯೆ... ಆನು ಒಲಿದಂತೆ ಹಾಡುವೆ’. ಸರಿ. ಅವರದೇ ಇನ್ನೊಂದು ವಚನ ನೋಡೋಣ. ‘ಕಳಬೇಡ ಕೊಲಬೇಡ ಹುಸಿಯ ನುಡಿಯಲು ಬೇಡ’. ಕಳಬೇಡ ಐದು ಮಾತ್ರೆ. ಕೊಲಬೇಡ ಐದು. ಹುಸಿಯನುಡಿ ಐದು. ಯಲುಬೇಡ ಐದು. ಈಗ ತಾನೇ ನೋಡಿದ ‘ಹುಲ್ಲಾಗು ಬೆಟ್ಟದಡಿ’ಯ ನಡಿಗೆಯೇ ಇದು. ತಾಳಮಾನ ಅರಿಯೆ ಎಂದವರ ಸಾಲು ತಾಳಕ್ಕೆ ಸರಿಯಾಗಿ ಬಿದ್ದಿದೆ. ಅವರು ಎಣಿಸಿ ಬರೆದರು ಅಂತ ನಾನು ಹೇಳುತ್ತಿಲ್ಲ. ಎಣಿಸಬೇಕಾದ ಅಗತ್ಯ ಇಲ್ಲದಷ್ಟು ಅದು ಅವರ ಕಿವಿಯಲ್ಲಿತ್ತು.

ಮುಂದಿನ ಮಾತು ಇನ್ನೂ ಮುಖ್ಯ. ಆಮೇಲೆ ಬರುವುದು ‘ಮುನಿಯಬೇಡ’. ಆರು ಮಾತ್ರೆ. ನಡಿಗೆ ಬದಲಾಯಿತು. ಆ ಮೇಲಿನದು ‘ಅನ್ಯರಿಗೆ ಅಸಹ್ಯಪಡಬೇಡ’. ಇನ್ನೂ ಬದಲಾಯಿತು. ಕಳ್ಳತನ, ಕೊಲೆ, ಸುಳ್ಳು ಇವೆಲ್ಲ ಎಲ್ಲರಿಗೂ ಗೊತ್ತಿರುವ ದೊಡ್ಡ ತಪ್ಪುಗಳು. ಅವು ತಾಳಕ್ಕೆ ಬಂದವು. ಸಿಟ್ಟು, ಇನ್ನೊಬ್ಬರನ್ನು ಕಂಡು ಅಸಹ್ಯಪಡುವುದು, ಇವು ನಾವು ತಪ್ಪು ಅಂತಲೇ ಎಣಿಸದ ತಪ್ಪುಗಳು. ಅಲ್ಲಿ ತಾಳ ಎಡವುತ್ತದೆ, ಕೇಳುವವರು ಎಚ್ಚರಾಗುತ್ತಾರೆ. ಒಂದು ನಡಿಗೆಯನ್ನು ಕೇಳುವವರ ಕಿವಿಯಲ್ಲಿ ಕೂರಿಸುವುದು, ಬೇಕಾದ ಜಾಗದಲ್ಲಿ ಅದನ್ನು ಮುರಿಯುವುದು. ನನಗೆ ಅರ್ಥವಾದ ಮುಕ್ತಛಂದ ಇದು. ಕೂರಿಸದೇ ಇದ್ದರೆ ಮುರಿಯುವುದಕ್ಕೆ ಏನೂ ಇರುವುದಿಲ್ಲ. ನಿಮ್ಮ ಹಲವು ಕವಿತೆಗಳಲ್ಲಿ ಗದ್ಯದ ಒಂದು ಪ್ಯಾರಾವನ್ನು ತುಂಡು ಮಾಡಿ ಕೆಳಕೆಳಗೆ ಇಟ್ಟ ಹಾಗೆ ಕಾಣುವುದು ಇದರಿಂದಲೇ.

ತುಂಡು ಮಾಡುವ ವಿಷಯವನ್ನೇ ಈಗ ತೆಗೆದುಕೊಳ್ಳೋಣ. ಸಾಲು ಎಲ್ಲಿ ಮುರಿಯಬೇಕು? ಇದು ಇಂಗ್ಲಿಷಿನಿಂದ ಬಂದ ಅಭ್ಯಾಸ ಅಂತ ಕೆಲವರು ಅಂದುಕೊಂಡಿದ್ದಾರೆ. ಕುಮಾರವ್ಯಾಸನ ಸಾಲನ್ನು ನಾನು ‘ವಿಮಲ ರಾ’ ಅಂತ ನಿಲ್ಲಿಸಿದಾಗ ಯಾರಾದರೂ ಗಮನಿಸಿದಿರಾ? ಮುಂದಿನ ಸಾಲು ‘ಜೀವ ಪೀಠನ’. ರಾಜೀವ ಎಂಬ ಮಾತನ್ನೇ ನಡುವೆ ಮುರಿದು ಎರಡು ಸಾಲಿಗೆ ಹಂಚಿದ್ದಾನೆ. ಅವನು ಮುರಿದದ್ದು ಮಾತ್ರೆಗಾಗಿ. ನಾವು ಮುರಿಯುವುದು ಅರ್ಥಕ್ಕಾಗಿ, ಉಸಿರಿಗಾಗಿ. ಮುರಿಯುವ ಧೈರ್ಯ ಮಾತ್ರ ನಮ್ಮಲ್ಲಿ ಹಳೆಯದು.

ಕನ್ನಡದಲ್ಲಿ ಸಾಲು ಮುರಿಯುವುದರ ಕಷ್ಟ ಬೇರೆ ಥರದ್ದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೀಗಾಗಿ ವಾಕ್ಯ ಮುಗಿದಲ್ಲಿ ಸಾಲು ಮುಗಿಸಿದರೆ ಪ್ರತಿ ಸಾಲಿನ ತುದಿಗೂ ಒಂದು ಕ್ರಿಯಾಪದ ಕೂರುತ್ತದೆ. ಹರಿಯುತ್ತದೆ, ಮಿಡಿಯುತ್ತದೆ, ಕರೆಯುತ್ತದೆ, ಸುರಿಯುತ್ತದೆ. ಎಲ್ಲಾ ‘ಉತ್ತದೆ’. ಪ್ರಾಸ ಅಂತ ಬರೆದವರಿಗೆ ಅನ್ನಿಸಬಹುದು. ಅದು ವ್ಯಾಕರಣ ಪುಕ್ಕಟೆಯಾಗಿ ಕೊಟ್ಟದ್ದು, ಕವಿ ಸಂಪಾದಿಸಿದ್ದಲ್ಲ. ‘ಅಲ್ಲಿ’, ‘ಇಂದ’, ‘ಅನ್ನು’ ಇವುಗಳ ಕಥೆಯೂ ಅಷ್ಟೇ. ಮನದಲ್ಲಿ, ವನದಲ್ಲಿ, ಕ್ಷಣದಲ್ಲಿ ಅಂತ ಬರೆದರೆ ಮೂರು ಸಾಲು ಒಂದೇ ಜಾಗಕ್ಕೆ ಬಂದು ಬೀಳುತ್ತವೆ.

ಇದಕ್ಕೆ ದಾರಿ ನಮ್ಮ ಮಾತಿನಲ್ಲೇ ಇದೆ. ಮನೆಯಲ್ಲಿ ನಾವು ಹೇಗೆ ಮಾತಾಡುತ್ತೇವೆ? ‘ಎಲ್ಲಿಟ್ಟಿದ್ದೀಯೇ ನನ್ನ ಕನ್ನಡಕ?’ ‘ಬಂತು ನೋಡು ಬಸ್ಸು.’ ‘ಹೇಳಿದ್ದೆ ಅಲ್ವಾ ನಾನು.’ ಅವಸರ ಇದ್ದಾಗ, ಸಿಟ್ಟು ಬಂದಾಗ, ಆಸೆ ಹುಟ್ಟಿದಾಗ ಕ್ರಿಯಾಪದ ಮುಂದೆ ಬರುತ್ತದೆ, ಮುಖ್ಯವಾದದ್ದು ಕೊನೆಗೆ ಉಳಿಯುತ್ತದೆ. ಬರೆಯಲು ಕೂತ ತಕ್ಷಣ ಮಾತ್ರ ನಾವು ಪಠ್ಯಪುಸ್ತಕದ ಕ್ರಮಕ್ಕೆ ಹೋಗುತ್ತೇವೆ.

ಒಂದು ಉದಾಹರಣೆ ಇಟ್ಟುಕೊಂಡು ಇದನ್ನೆಲ್ಲ ನೋಡೋಣ. ನಿಮ್ಮಲ್ಲಿ ಯಾರ ಕವಿತೆಯನ್ನೂ ಎಲ್ಲರ ಮುಂದೆ ಬಿಚ್ಚುವುದು ಸರಿಯಲ್ಲ, ಅದಕ್ಕೆ ನಾನೇ ಒಂದು ಕರಡು ಬರೆದಿದ್ದೇನೆ. ಪತ್ರಿಕೆಗಳಿಗೆ, ಸ್ಪರ್ಧೆಗಳಿಗೆ ಬರುವ ಕವಿತೆಗಳನ್ನು ನೋಡಿದವರಿಗೆ ಈ ಧಾಟಿ ಪರಿಚಿತ.

ಅಜ್ಜಿಯ ನೆನಪುಗಳು
ಮನದಾಳದಲ್ಲಿ ಮೌನವಾಗಿ ಮಿಡಿಯುತ್ತವೆ...
ಅವಳ ಪ್ರೀತಿಯ ಕಡಲು
ಬತ್ತದ ಚಿಲುಮೆಯಾಗಿ ಹರಿಯುತ್ತದೆ...
ಬದುಕಿನ ಪಯಣದಲ್ಲಿ
ಅವಳೇ ನನಗೆ ದಾರಿದೀಪವಾಗುತ್ತಾಳೆ!

ಇದರಲ್ಲಿ ಸುಳ್ಳೇನೂ ಇಲ್ಲ. ಬರೆದವರಿಗೆ ಅಜ್ಜಿಯ ಮೇಲೆ ನಿಜವಾದ ಪ್ರೀತಿ ಇದೆ. ಆದರೆ ಇದು ಯಾರ ಅಜ್ಜಿ? ಕಾರವಾರದವರಾ, ಕೋಲಾರದವರಾ? ಎತ್ತರವೋ, ಗಿಡ್ಡವೋ? ಬೈಯುತ್ತಿದ್ದರಾ? ಏನೂ ಗೊತ್ತಾಗುವುದಿಲ್ಲ. ಅವರ ಪ್ರೀತಿ ಒಂದು ಸಾಲಿನಲ್ಲಿ ಕಡಲು, ಮುಂದಿನ ಸಾಲಿನಲ್ಲಿ ಚಿಲುಮೆ, ಕೊನೆಗೆ ದೀಪ. ನೆನಪು, ಮೌನ, ಕನಸು, ಭಾವ, ಬದುಕು, ಪಯಣ, ಇವು ಕೆಟ್ಟ ಮಾತುಗಳಲ್ಲ. ಬಹಳ ಜನ ಬಹಳ ಸಲ ಬಳಸಿ ಅವುಗಳ ಅಂಚು ಸವೆದಿದೆ. ಒಂದು ವರ್ಷ ಅವುಗಳನ್ನು ಮುಟ್ಟದೆ ಬರೆಯಿರಿ ಎಂದು ನಾನು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಮೂರು ಚುಕ್ಕಿಗಳನ್ನೂ ಬಿಡಿ. ಹೇಳದೆ ಉಳಿದದ್ದನ್ನು ಚುಕ್ಕಿ ಹೇಳುವುದಿಲ್ಲ, ಅದನ್ನು ಸಾಲೇ ಹೇಳಬೇಕು.

ಈ ಕರಡು ತಂದವರನ್ನು ನಾನು ಕೇಳುವ ಪ್ರಶ್ನೆ ಒಂದೇ. ನಿಮ್ಮ ಅಜ್ಜಿ ಕೈಯಲ್ಲಿ ಏನು ಮಾಡುತ್ತಿದ್ದರು? ಎಲೆ ಅಡಿಕೆ ಮಡಚುತ್ತಿದ್ದರಾ, ಸೆರಗಿನ ಗಂಟಿನಲ್ಲಿ ಚಿಲ್ಲರೆ ಕಟ್ಟುತ್ತಿದ್ದರಾ? ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಬೇರೆ ಕವಿತೆ ಬರುತ್ತದೆ. ಹೀಗೆ ಬರಬಹುದು.

ಓದು ಬಾರದ ಅಜ್ಜಿ
ಕರೆಂಟು ಬಿಲ್ಲೆಲ್ಲ ತಂತಿಗೆ ಚುಚ್ಚಿ
ಅಡುಗೆಮನೆ ಗೋಡೆಗೆ ತೂಗುಹಾಕಿದ್ದಳು.

ಹದಿಮೂರನೆಯ ದಿನ ಬಿಡಿಸಿದೆವು
ಒಂದೊಂದೇ ಚೀಟಿ.
ತಳದಲ್ಲಿತ್ತು
ಅಪ್ಪ ಬೊಂಬಾಯಿಂದ ಬರೆದ ಕಾಗದ,
ಒಡೆಯದೆ,
ನಟ್ಟನಡುವೆ ತೂತು.

ಪ್ರೀತಿ ಎಂಬ ಮಾತು ಇಲ್ಲ, ನೆನಪು ಎಂಬ ಮಾತೂ ಇಲ್ಲ. ಹಳೆಯ ಮನೆಗಳಲ್ಲಿ ಬಾಗಿಸಿದ ಕಬ್ಬಿಣದ ತಂತಿಗೆ ಬಿಲ್ಲು, ರಸೀತಿ ಚುಚ್ಚಿ ಇಡುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅಜ್ಜಿಗೆ ಬಿಲ್ಲೂ ಒಂದೇ, ಮಗನ ಕಾಗದವೂ ಒಂದೇ. ಎರಡೂ ಹೊರಗಿನಿಂದ ಬಂದ ಚೀಟಿ, ಎರಡನ್ನೂ ಜೋಪಾನ ಮಾಡಬೇಕು. ಆ ಕಾಗದದಲ್ಲಿ ಏನಿತ್ತು, ಓದಿ ಹೇಳಿ ಅಂತ ಅವಳು ಯಾಕೆ ಯಾರನ್ನೂ ಕೇಳಲಿಲ್ಲ, ಮಗ ಉತ್ತರಕ್ಕೆ ಎಷ್ಟು ದಿನ ಕಾದ, ಇದೆಲ್ಲ ಓದುವವರಿಗೆ ಬಿಟ್ಟದ್ದು.

ಸಾಲುಗಳನ್ನು ನೋಡಿ. ‘ತಳದಲ್ಲಿ ಅಪ್ಪ ಬರೆದ ಕಾಗದ ಇತ್ತು’ ಅಂತ ಬರೆಯಬಹುದಿತ್ತು. ಆಗ ಸಾಲು ‘ಇತ್ತು’ ಎಂಬಲ್ಲಿ ಹೋಗಿ ಕೂರುತ್ತಿತ್ತು. ‘ತಳದಲ್ಲಿತ್ತು’ ಅಂತ ಕ್ರಿಯಾಪದವನ್ನು ಮೊದಲೇ ಮುಗಿಸಿ ಸಾಲು ಮುರಿದಾಗ ಏನಿತ್ತು ಅಂತ ಓದುವವರು ಒಂದು ಗಳಿಗೆ ಕಾಯುತ್ತಾರೆ. ಚೀಟಿ ಬಿಡಿಸುತ್ತಿರುವವರು ಕಾಯುವಷ್ಟೇ ಹೊತ್ತು. ಕೊನೆಯ ಸಾಲಿಗೆ ಕ್ರಿಯಾಪದವೇ ಇಲ್ಲ. ಕನ್ನಡ ವಾಕ್ಯಕ್ಕೆ ಕ್ರಿಯಾಪದ ಕಡ್ಡಾಯವಲ್ಲ ಎಂಬುದು ನಮಗೆ ಸಿಕ್ಕ ದೊಡ್ಡ ಸೌಕರ್ಯ. ‘ಇವನು ನನ್ನ ತಮ್ಮ’ ಅನ್ನುತ್ತೇವೆ, ‘ಆಗಿದ್ದಾನೆ’ ಸೇರಿಸುವುದಿಲ್ಲ. ಇದನ್ನು ಕವಿತೆಯಲ್ಲಿ ಧಾರಾಳವಾಗಿ ಬಳಸಿಕೊಳ್ಳಿ. ‘ಬಿಲ್ಲೆಲ್ಲ’ ಅಂದಿದ್ದೇನೆ, ‘ಬಿಲ್ಲುಗಳನ್ನೆಲ್ಲ’ ಅನ್ನಲಿಲ್ಲ. ‘ನೀರು ಕುಡಿದ’ ಅನ್ನುತ್ತೇವೆ, ‘ನೀರನ್ನು ಕುಡಿದ’ ಅನ್ನುವುದು ಕಡಿಮೆ. ಸಾಲಿನಲ್ಲಿ ‘ಅನ್ನು’ ಕಂಡರೆ ಅದು ನಿಜವಾಗಿ ಬೇಕಾ ಅಂತ ಒಂದು ಸಲ ಕೇಳಿಕೊಳ್ಳಿ. ‘ಮತ್ತು’, ‘ಒಂದು’ ಇವನ್ನೂ ಕೇಳಿ. ಅನುವಾದಗಳನ್ನು ಓದಿ ಓದಿ ಈ ಎರಡು ಮಾತುಗಳು ನಮ್ಮ ಕವಿತೆಗಳಲ್ಲಿ ವಿಪರೀತ ಆಗಿವೆ.

ಈ ಕರಡನ್ನು ಬರೆದಾಗ ಕೊನೆಗೆ ಇನ್ನೆರಡು ಸಾಲು ಬರುತ್ತವೆ, ಯಾರಿಗಾದರೂ ಬರುತ್ತವೆ. ‘ಪ್ರೀತಿಗೆ ಅಕ್ಷರ ಬೇಕೆ / ಅಜ್ಜಿಯ ಮಡಿಲೇ ಸಾಲದೆ’ ಅಂತ. ಬರೆದುಕೊಳ್ಳಿ, ಆಮೇಲೆ ಹೊಡೆದು ಹಾಕಿ. ಕವಿಗೋಷ್ಠಿಗಳಲ್ಲಿ ಆ ಸಾಲಿಗೇ ಚಪ್ಪಾಳೆ ಬರುವುದು, ನನಗೆ ಗೊತ್ತು. ಆದರೂ ಹೊಡೆದು ಹಾಕಿ. ಓದುವವರು ತಾವೇ ಮುಟ್ಟಿದ ಜಾಗಕ್ಕೆ ಕವಿ ಮತ್ತೆ ಕೈ ಹಿಡಿದು ಕರೆದುಕೊಂಡು ಹೋಗಬಾರದು.

ಮೊಬೈಲಿನಲ್ಲಿ ಬರೆಯುವವರಿಗೆ ಒಂದು ಮಾತು. ತಪ್ಪೇನಿಲ್ಲ, ಬಸ್ಸಿನಲ್ಲಿ ಹೊಳೆದದ್ದನ್ನು ಬಸ್ಸಿನಲ್ಲೇ ಬರೆದಿಡಬೇಕು. ಆದರೆ ಪರದೆ ಕಿರಿದು. ಸಾಲು ಉದ್ದವಾದರೆ ಅದು ತಾನೇ ಮುರಿದು ಕೆಳಗೆ ಹಾಕುತ್ತದೆ. ನೋಡುತ್ತಾ ನೋಡುತ್ತಾ ನಾವು ಪರದೆಯ ಅಗಲಕ್ಕೇ ಬರೆಯಲು ಶುರುಮಾಡುತ್ತೇವೆ. ಎರಡು ಮಾತು, ಮೂರು ಮಾತು, ಮತ್ತೆ ಎರಡು. ಈಚಿನ ಕವಿತೆಗಳೆಲ್ಲ ಒಂದೇ ಅಳತೆಯಲ್ಲಿ ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು. ಕರಡನ್ನು ಒಂದು ಸಲ ಕಾಗದಕ್ಕೆ ಇಳಿಸಿ, ಕೈಯಲ್ಲಿ ಬರೆಯಿರಿ. ನಿಮ್ಮ ಸಾಲಿನ ನಿಜವಾದ ಉದ್ದ ಆಗ ಗೊತ್ತಾಗುತ್ತದೆ.

ಓದಿನ ವಿಷಯ. ‘ಬೇರೆಯವರನ್ನು ಓದಿದರೆ ಪ್ರಭಾವ ಆಗುತ್ತದೆ’ ಎಂಬ ಹೆದರಿಕೆ ನಿಮ್ಮಲ್ಲಿ ಹಲವರಿಗೆ ಇದೆ. ಆಗಲಿ ಬಿಡಿ. ಪ್ರಭಾವ ಆಗುವಷ್ಟು ಓದಿ. ಒಂದು ಋತುವಿಗೆ ಒಬ್ಬ ಕವಿಯನ್ನು ಹಿಡಿಯಿರಿ. ಆಯ್ದ ಕವಿತೆಗಳ ಪುಸ್ತಕ ಸಾಲದು, ಆ ಕವಿಯ ಮೊದಲ ಸಂಕಲನದಿಂದ ಕೊನೆಯದರವರೆಗೆ ಓದಿ. ಅಡಿಗರ ‘ಭಾವತರಂಗ’ 1946ರದು, ‘ಚಂಡೆಮದ್ದಳೆ’ 1954ರದು. ಎಂಟೇ ವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ಜೋರಾಗಿ ಓದಿದರೆ, ಒಬ್ಬ ಕವಿ ತಾನು ಕಲಿತ ಲಯವನ್ನು ತಾನೇ ಹೇಗೆ ಒಡೆದು ಕಟ್ಟಿದ ಅಂತ ಕಿವಿಗೇ ಕೇಳಿಸುತ್ತದೆ. ನರಸಿಂಹಸ್ವಾಮಿಯವರಲ್ಲೂ ಹಾಗೆ. 1942ರ ‘ಮೈಸೂರ ಮಲ್ಲಿಗೆ’ಯಲ್ಲಿ ನಿಂತುಬಿಟ್ಟವರು ‘ಶಿಲಾಲತೆ’ಗೆ, ‘ತೆರೆದ ಬಾಗಿಲು’ವಿಗೆ ಹೋಗಿ ನೋಡಿ. ಅಷ್ಟು ಪ್ರೀತಿ ಸಿಕ್ಕ ಧಾಟಿಯನ್ನು ಬಿಟ್ಟು ಮುಂದೆ ಹೋಗುವುದಕ್ಕೆ ಎಂಥ ಗಟ್ಟಿತನ ಬೇಕು!

ಶೀರ್ಷಿಕೆಗಳಿಂದಲೂ ಕಲಿಯಬಹುದು. ನಿಸಾರ್ ಅಹಮದರ ಮೊದಲ ಸಂಕಲನ ‘ಮನಸು ಗಾಂಧಿ ಬಜಾರು’. ಬಸವನಗುಡಿಯ ಒಂದು ಬೀದಿಯ ಹೆಸರು ಮನಸ್ಸಿನ ಪಕ್ಕ ಬಂದು ನಿಂತಿತು, ಮನಸ್ಸಿಗೆ ಗದ್ದಲ, ಹೂವು, ತರಕಾರಿ, ಚೌಕಾಸಿ ಎಲ್ಲ ಬಂದವು. ಎ.ಕೆ. ರಾಮಾನುಜನ್ ಶಿಕಾಗೋದಲ್ಲಿ ಪಾಠ ಮಾಡುತ್ತಿದ್ದ ಕಾಲದ ಪುಸ್ತಕ, 1969ರದು, ‘ಹೊಕ್ಕುಳಲ್ಲಿ ಹೂವಿಲ್ಲ’. ವಿಷ್ಣುವಿನ ಹೊಕ್ಕುಳಿನ ತಾವರೆಯನ್ನು ಎಲ್ಲೂ ಹೆಸರಿಸಿಲ್ಲ. ಎರಡೇ ಮಾತು, ಕೊನೆಗೆ ಒಂದು ‘ಇಲ್ಲ’. ಇಡೀ ಪುರಾಣ ಎದ್ದು ಬರುತ್ತದೆ. ಸಿದ್ಧಲಿಂಗಯ್ಯನವರ ಪುಸ್ತಕ 1975ರಲ್ಲಿ ‘ಹೊಲೆಮಾದಿಗರ ಹಾಡು’ ಎಂದು ಬಂತು. ಸಭ್ಯರು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಿದ್ದ ಹೆಸರು ಪುಸ್ತಕದ ಹೊದಿಕೆಯ ಮೇಲೆ ಬಂತು, ಅದೂ ಹಾಡಿನ ಜೊತೆ. ಅವರ ಪದ್ಯಗಳನ್ನು ಜನ ಮೆರವಣಿಗೆಗಳಲ್ಲಿ ಹಾಡಿದರು. ಸಾವಿರ ಜನ ಒಟ್ಟಿಗೆ ಹಾಡಬಲ್ಲ ಸಾಲು ಕಟ್ಟುವುದು ಸುಮ್ನೆ ಆಗುವ ಕೆಲಸ ಅಲ್ಲ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಮಾತು ಎಷ್ಟು ಸಲ ಬರಬೇಕು ಎಂಬುದೆಲ್ಲ ಗೊತ್ತಿರಬೇಕು. ಹೋರಾಟದ ಕವಿತೆಗೆ ಕಸುಬು ಬೇಡ ಅನ್ನುವವರು ಅವನ್ನು ಮತ್ತೊಮ್ಮೆ ಓದಬೇಕು.

ವೈದೇಹಿ, ಕೆ.ವಿ. ತಿರುಮಲೇಶ್, ಪ್ರತಿಭಾ ನಂದಕುಮಾರ್, ಜಯಂತ ಕಾಯ್ಕಿಣಿ, ಎಸ್. ಮಂಜುನಾಥ್, ಎಚ್.ಎಸ್. ಶಿವಪ್ರಕಾಶ್. ಇವರನ್ನೆಲ್ಲ ಓದಿ, ಒಬ್ಬೊಬ್ಬರದೂ ಬೇರೆ ಬೇರೆ ನಡಿಗೆ. ಇಷ್ಟವಾದ ಕವಿತೆಯನ್ನು ನೋಟ್‌ಬುಕ್ಕಿಗೆ ಕೈಯಲ್ಲಿ ನಕಲು ಮಾಡಿ. ಕಣ್ಣು ಹಾರಿಸಿಕೊಂಡು ಹೋಗುವ ಸಣ್ಣ ಮಾತುಗಳ ಮೇಲೆ ಕೈ ನಿಲ್ಲುತ್ತದೆ. ‘ಆದರೂ’ ಯಾಕೆ ಬಂತು, ಇಲ್ಲಿ ಯಾಕೆ ಹೊಸ ಸಾಲು, ಅಂತ ಆಗ ಪ್ರಶ್ನೆ ಏಳುತ್ತದೆ. ಕೆಲವನ್ನು ಬಾಯಿಪಾಠವೂ ಮಾಡಿ.

ಇನ್ನೊಂದು ಅಭ್ಯಾಸ ಅನುವಾದ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂತು. ಅದು ಒಬ್ಬರ ಅನುವಾದ ಮಾತ್ರ ಆಗಿ ಉಳಿಯಲಿಲ್ಲ, ಇಡೀ ಭಾಷೆಯ ಅಭ್ಯಾಸದ ಪುಸ್ತಕ ಆಯಿತು. ಆ ಇಂಗ್ಲಿಷ್ ಪದ್ಯಗಳು ಕಂದ, ವೃತ್ತ ಎಂಬ ಹಳೆಯ ಛಂದಸ್ಸುಗಳಲ್ಲಿ ಕೂರಲಿಲ್ಲ. ಶ್ರೀಯವರು ಕನ್ನಡದ ಮಾತ್ರಾಗಣಗಳನ್ನೇ ಹೊಸ ಹೊಸ ರೀತಿ ಜೋಡಿಸಬೇಕಾಯಿತು. ಆಮೇಲೆ ಒಂದು ತಲೆಮಾರಿನ ಕವಿಗಳು ಆ ಜೋಡಣೆಗಳಲ್ಲಿ ಬರೆದರು. ನಿಮಗೆ ಇಂಗ್ಲಿಷೇ ಆಗಬೇಕಿಲ್ಲ. ತುಳು, ಕೊಂಕಣಿ, ಉರ್ದು, ಮರಾಠಿ, ತೆಲುಗು, ಮನೆಯಲ್ಲಿ ಇರುವ ಯಾವ ಭಾಷೆಯಿಂದಲಾದರೂ ಒಂದು ಕವಿತೆ ತನ್ನಿ. ಕನ್ನಡದಲ್ಲಿ ಅದು ಎಲ್ಲಿ ಕೂರುವುದಿಲ್ಲವೋ ಅಲ್ಲೇ ನಿಮ್ಮ ಪಾಠ ಇದೆ.

ಚೀಟಿಯೊಂದು ಬಂದಿದೆ, ಪ್ರಾಸ ಬೇಕಾ ಬೇಡವಾ ಅಂತ. ಎರಡನೆಯ ಅಕ್ಷರದ ಪ್ರಾಸ ಹಳಗನ್ನಡದಲ್ಲಿ ಕಡ್ಡಾಯ ಇತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟರು. ಪಂಡಿತರಾಗಿದ್ದುಕೊಂಡು, ಬಿಡುವುದು ಏನೆಂದು ಪೂರ್ತಿ ಗೊತ್ತಿದ್ದೇ ಬಿಟ್ಟರು. ಬೇಕಾದರೆ ನೀವೂ ಬಿಡಿ, ಆದರೆ ಸದ್ದನ್ನು ಬಿಡಬೇಡಿ. ಅಜ್ಜಿಯ ಪದ್ಯದಲ್ಲಿ ತಂತಿ, ತೂಗು, ತಳ, ತೂತು ಅಂತ ತಕಾರ ಮತ್ತೆ ಮತ್ತೆ ಬಂದಿದೆ, ಗಮನಿಸಿ. ತುದಿಯಲ್ಲಿ ಪ್ರಾಸ ಇಲ್ಲ, ಒಳಗೊಳಗೇ ಸದ್ದು ಕಟ್ಟಿಕೊಂಡಿದೆ. ಬೇಂದ್ರೆಯವರಲ್ಲಿ ಇದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಅವರು ಧಾರವಾಡದ ಮಾತನ್ನು ತಂದದ್ದು ಅಲಂಕಾರಕ್ಕಲ್ಲ, ಆ ಮಾತಿನಲ್ಲಿ ಇದ್ದ ಸದ್ದಿಗಾಗಿ. ನಿಮ್ಮ ಮನೆಯ ಕನ್ನಡ ಕುಂದಾಪುರದ್ದೋ, ಕಲಬುರಗಿಯದೋ, ಚಾಮರಾಜನಗರದ್ದೋ ಆಗಿದ್ದರೆ ಅದರ ಏರಿಳಿತವನ್ನು ಸಾಲಿಗೆ ತನ್ನಿ. ಬರೀ ನಾಲ್ಕು ಮಾತು ಕಿತ್ತು ತಂದು ಅಂಟಿಸಿದರೆ ಆಗುವುದಿಲ್ಲ.

ಗಜಲ್ ಬರೆಯುವವರೂ ಇಲ್ಲಿದ್ದೀರಿ. ರಾಯಚೂರಿನ ಶಾಂತರಸರು ಕನ್ನಡದಲ್ಲಿ ಗಜಲನ್ನು ಬೆಳೆಸಿದವರಲ್ಲಿ ಮುಖ್ಯರು. ಈಗ ಯೋಚಿಸಿ. ಕ್ರಿಯಾಪದ ಕೊನೆಗೆ ಬರುವುದು ನಮಗೆ ತೊಂದರೆ ಅಂತ ಹೇಳಿದೆನಲ್ಲ, ಗಜಲಿನಲ್ಲಿ ಅದೇ ಅನುಕೂಲ. ಪ್ರತಿ ಶೇರಿನ, ಅಂದರೆ ಎರಡು ಸಾಲಿನ ಪದ್ಯದ, ತುದಿಗೆ ಅದೇ ಮಾತು ತಿರುಗಿ ಬರಬೇಕು, ಅದು ರದೀಫ್. ನಮ್ಮ ಕ್ರಿಯಾಪದ ಅಲ್ಲಿ ಸಲೀಸಾಗಿ ಕೂರುತ್ತದೆ. ಅದರ ಹಿಂದೆ ಬರುವ ಪ್ರಾಸ ಇದೆಯಲ್ಲ, ಕಾಫಿಯಾ, ಪೂರ್ತಿ ಕಷ್ಟ ಅಲ್ಲಿದೆ. ಅದನ್ನು ಬಿಟ್ಟು ರದೀಫ್ ಒಂದನ್ನೇ ಇಟ್ಟುಕೊಂಡ ಗಜಲುಗಳು ಈಗ ಬಹಳ ಬರುತ್ತಿವೆ. ಕಷ್ಟವಾದದ್ದನ್ನೇ ಬಿಟ್ಟರೆ ಆ ರೂಪದಿಂದ ನಿಮಗೆ ಸಿಗಬೇಕಾದದ್ದು ಸಿಗುವುದಿಲ್ಲ.

ನಾಳೆ ಬೆಳಿಗ್ಗೆ ಬರುವಾಗ ಹನ್ನೆರಡು ಸಾಲು ಬರೆದುಕೊಂಡು ಬನ್ನಿ. ಮೊದಲ ಆರು ಸಾಲು ಯಾವುದಾದರೂ ಒಂದು ಮಾತ್ರಾ ನಡಿಗೆಯಲ್ಲಿ ಇರಲಿ, ಮೂರು ನಾಲ್ಕರದ್ದೋ ಐದರದ್ದೋ. ಏಳನೆಯ ಸಾಲಿನಲ್ಲಿ ಅದನ್ನು ಮುರಿಯಿರಿ. ಯಾಕೆ ಅಲ್ಲೇ ಮುರಿದಿರಿ ಎಂದು ನಾನು ಕೇಳುತ್ತೇನೆ, ಉತ್ತರ ತಯಾರಿರಲಿ. ಯಾವುದಾದರೂ ಒಂದು ವಸ್ತು ಇರಬೇಕು, ಯಾರಾದರೂ ಒಬ್ಬರು ಕೈಯಲ್ಲಿ ಏನಾದರೂ ಮಾಡುತ್ತಿರಬೇಕು. ಎರಡು ಸಾಲಿಗಿಂತ ಜಾಸ್ತಿ ಕ್ರಿಯಾಪದದಲ್ಲಿ ಮುಗಿಯಬಾರದು. ಓದುವಾಗ ನಿಮ್ಮ ಕವಿತೆಯನ್ನು ನೀವು ಓದುವುದಿಲ್ಲ, ಪಕ್ಕದಲ್ಲಿ ಕೂತವರು ಓದುತ್ತಾರೆ. ಮೊದಲೇ ನೋಡದೆ, ಒಂದೇ ಸಲಕ್ಕೆ, ಜೋರಾಗಿ ಓದುತ್ತಾರೆ. ಅವರು ಎಲ್ಲಿ ತಡವರಿಸಿದರು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ನೀವು ಬೇಕೆಂದೇ ತಡೆದ ಜಾಗ ಯಾವುದು, ಗೊತ್ತಿಲ್ಲದೆ ಬಿದ್ದ ಜಾಗ ಯಾವುದು ಅಂತ ಬೇರೆ ಮಾಡಿಕೊಂಡು ಮಧ್ಯಾಹ್ನ ತಿದ್ದಲು ಕೂರೋಣ.